ಸದ್ದಿಲ್ಲದವರ ಯಂತ್ರ

ಇಪ್ಪತ್ಮೂರನೆಯ ಯಂತ್ರದಲ್ಲಿ ಇನ್ನೂ ಆರುನೂರು ಜನ ಉಳಿದಿದ್ದರು. ಇನ್ನೂರು ಜನರನ್ನು ಒಂಬತ್ತಕ್ಕೆ, ಇನ್ನೂರು ಜನರನ್ನು ಹನ್ನೊಂದಕ್ಕೆ ಸಾಗಿಸಿ, ಮಿಕ್ಕವರಿಗೆ ಎಲ್ಲಿ ಜಾಗವಿದೆ ಎಂದು ಪರದೆಯ ಮೇಲೆ ಹುಡುಕುತ್ತಿದ್ದೆ. ಜನ ಎಂದರೆ ನನ್ನ ಕಣ್ಣಿಗೆ ಸಾಲುಸಾಲು ನಂಬರು, ಅಷ್ಟೆ.

ನಮ್ಮ ಕಂಪನಿಯದು ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವ ಸೇವೆ. ಆ ಕರೆಗಳನ್ನೆಲ್ಲ ಹೊತ್ತು ಸಾಗಿಸಲು ನಲವತ್ತು ಸರ್ವರ್ ಯಂತ್ರಗಳಿವೆ. ಸರ್ವರ್ ಸುಮ್ಮನೆ ನಿಂತಿದ್ದರೂ ದುಡಿಯುವಾಗಿನ ಅರ್ಧದಷ್ಟು ಕರೆಂಟು ತಿನ್ನುತ್ತದೆ. ಆದ್ದರಿಂದ ಅರ್ಧ ಖಾಲಿಯಿರುವ ಎರಡು ಬಸ್ಸು ಓಡಿಸುವ ಬದಲು ಎಲ್ಲರನ್ನೂ ಒಂದರಲ್ಲಿ ಕೂರಿಸಿ ಇನ್ನೊಂದನ್ನು ನಿಲ್ಲಿಸಿದ ಹಾಗೆ, ಜನರನ್ನು ಒತ್ತೊತ್ತಾಗಿ ಕೂರಿಸಿ ಯಂತ್ರಗಳನ್ನು ಆರಿಸುವುದು ನನ್ನ ಕೆಲಸ. ಆರಿಸಿದ ಯಂತ್ರಕ್ಕೆ ಹಳದಿ ಚೀಟಿ ಅಂಟಿಸಿ, ಖಾಲಿ ಮಾಡಿದವರು ಸಹಿ ಹಾಕಬೇಕು. ಅಲ್ಲಿಯವರೆಗೆ ಬಿದ್ದ ಹದಿನೇಳು ಚೀಟಿಗಳಲ್ಲಿ ಹನ್ನೊಂದು ನನ್ನವು.

"ಅಕ್ಕಾ, ನೀವು ಜನರನ್ನ ತುಂಬೋ ರೀತಿ ನೋಡಿದ್ರೆ ನಿಮ್ಮ ಮನೆ ಬೀರು ನೆನೆದು ಭಯ ಆಗುತ್ತೆ," ಎಂದಳು ಪಕ್ಕದ ಮೇಜಿನ ಟೋಪಿ. "ಬಾಗಿಲು ತೆಗೆದ್ರೆ ಸೀರೆಯೆಲ್ಲ ಮೈಮೇಲೆ ಬೀಳುತ್ತಾ?"

ಯಂತ್ರದ ಕೋಣೆಯ ಚಳಿಗೆ ವರ್ಷವಿಡೀ ಉಣ್ಣೆಯ ಟೋಪಿ ಹಾಕುವುದರಿಂದ ಅವಳಿಗೆ ಆ ಹೆಸರು ಬಂದಿತ್ತು.

"ಬೀಳಲ್ಲ. ಬಾಗಿಲೇ ತೆಗೆಯಲ್ಲ," ಎಂದೆ.

ಮೂರಕ್ಕೆ ಐದು ನಿಮಿಷ ಇರುವಾಗ ಎದ್ದು ಮೆಟ್ಟಿಲ ತಿರುವಿಗೆ ಹೋದೆ. ಮೂರು ಗಂಟೆಗೆ ತಂಗಿಯ ಕರೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ನಾವಿಬ್ಬರೂ ಚಿಕ್ಕಂದಿನಿಂದ ಕೈಮಾತು ಆಡಿಕೊಂಡೇ ಬೆಳೆದವರು. ಹೋದ ವರ್ಷ ಮದುವೆಯಾಗಿ ದೂರದ ಊರಿಗೆ ಹೋದಳು. ಗಂಡ ಒಳ್ಳೆಯವನು, ಆದರೆ ತಿಂಗಳಲ್ಲಿ ಇಪ್ಪತ್ತು ದಿನ ಲಾರಿಯ ಮೇಲೆ. ಅತ್ತೆಗೆ ಕೈಮಾತು ಬಾರದು. ಊಟ ಆಯಿತಾ, ಬಾಗಿಲು ಹಾಕು, ಇವೆರಡು ಸನ್ನೆ ಬಿಟ್ಟರೆ ಆ ಮನೆಯಲ್ಲಿ ನನ್ನ ತಂಗಿಯೊಡನೆ ಮಾತಾಡುವವರಿಲ್ಲ. ಇಡೀ ದಿನಕ್ಕೆ ಅವಳ ಮಾತೆಂದರೆ ಈ ಇಪ್ಪತ್ತು ನಿಮಿಷ.

ಎರಡು ವಾರದಿಂದ ಅದೂ ಕೆಟ್ಟಿತ್ತು. ಅವಳ ಬೆರಳು ಅರ್ಧದಲ್ಲೇ ನಿಲ್ಲುತ್ತಿದ್ದವು. ಕೈ ಎದೆಯ ಬಳಿಯಿಂದ ಹೊರಟಿದ್ದು ಕಾಣುತ್ತಿತ್ತು, ಎಲ್ಲಿಗೆ ಹೋಯಿತೋ ಕಾಣುತ್ತಿರಲಿಲ್ಲ.

"ಏನಂದೆ? ಇನ್ನೊಂದು ಸಲ ಹೇಳು," ಎಂದು ಅವತ್ತೂ ಕೈಯಾಡಿಸಿದೆ.

"ನೀನು ನನಗೆ ಚೆನ್ನಾಗಿ ಕಾಣ್ತೀಯ. ನಿನಗೆ ಮಾತ್ರ ನಾನ್ಯಾಕೆ ಕಾಣಲ್ಲ?" ಎಂದಳು. ಅಷ್ಟು ತಿಳಿಯಲು ಅವಳು ಮೂರು ಸಲ ಹೇಳಬೇಕಾಯಿತು. ಅಷ್ಟರಲ್ಲಿ ಅವಳ ಮುಖ ಗಂಟಾಗಿತ್ತು. "ಬೇಜಾರಾಗಿದ್ರೆ ನೇರ ಹೇಳು ಅಕ್ಕ. ನಾಳೆಯಿಂದ ಬೇಡ ಬಿಡು."

ಆಗಲೇ ಅವಳ ಹಿಂದೆ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು. ಟರ್ರೆಂದು ಸದ್ದು ಶುರುವಾದ ಸ್ವಲ್ಪ ಹೊತ್ತಿಗೆ ತಂಗಿಯ ಹತ್ತೂ ಬೆರಳು ನೀರಿನಲ್ಲಿ ತೊಳೆದಿಟ್ಟಂತೆ ಕಂಡವು. ದಾರ ತುಂಡಾಗಿ ಅತ್ತೆ ಸೂಜಿಗೆ ಪೋಣಿಸತೊಡಗಿದರು. ಹತ್ತು ಸೆಕೆಂಡು. ಬೆರಳು ಮತ್ತೆ ಚೂರುಚೂರು. ಯಂತ್ರ ಮತ್ತೆ ಓಡಿತು, ಬೆರಳು ಮರಳಿ ಬಂದವು.

ಆ ಹತ್ತು ಸೆಕೆಂಡು ನನ್ನದು.

ಎರಡು ವರ್ಷದ ಹಿಂದೆ ಆ ನಿಯಮ ಬರೆದವಳು ನಾನೇ. ಯಾರ ಕಡೆಯಿಂದ ಹತ್ತು ಸೆಕೆಂಡು ಸದ್ದು ಬರುವುದಿಲ್ಲವೋ ಅವರು ಫೋನ್ ಇಡಲು ಮರೆತವರು. ಅವರನ್ನೆಲ್ಲ ಐದನೆಯ ಯಂತ್ರಕ್ಕೆ ತಳ್ಳಿ ಯಂತ್ರದ ದುಡಿಮೆಯಲ್ಲಿ ಕಡಿಮೆ ಪಾಲು ಕೊಟ್ಟರಾಯಿತು, ಚಿತ್ರ ಕೆಟ್ಟರೂ ನೋಡುವವರಿಲ್ಲ, ಸದ್ದು ಬಂದರೆ ಮೇಲಕ್ಕೆ ತಂದರಾಯಿತು. ಎಂಟು ಯಂತ್ರ ಒಂದೇ ಸಲ ಆರಿದವು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಎರಡು ವಾರದ ಹಿಂದೆ ಐದನೆಯದಕ್ಕೆ ಇನ್ನಷ್ಟು ಜನರನ್ನು ತುಂಬಿದ್ದೂ ನಾನೇ. ನಿಯಮ ಬರೆಯುವಾಗ ತಂಗಿ ಮನೆಯಲ್ಲೇ ಇದ್ದಳು. ಅವಳೊಡನೆ ಎದುರುಬದುರು ಕೂತು ಮಾತಾಡುತ್ತಿದ್ದೆ, ಫೋನಿನ ಗೊಡವೆಯೇ ಇರಲಿಲ್ಲ. ನನಗಾದರೋ ಕೈಯಾಡಿಸುತ್ತಲೇ ಬಾಯಲ್ಲಿ ಗೊಣಗುವ ಚಾಳಿ. ಅದಕ್ಕೇ ನಾನು ಅವಳಿಗೆ ಕಾಣುತ್ತಿದ್ದೆ.

ಕರೆ ಮುಗಿಸಿ ನೆಟ್ಟಗೆ ಮ್ಯಾನೇಜರರ ಕೋಣೆಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ.

"ಅಂಥವರು ಎಷ್ಟು ಜನ ಇದ್ದಾರಮ್ಮ?"

"ಗೊತ್ತಾಗಲ್ಲ ಸರ್. ಚಿತ್ರ ನೋಡಿದ್ರೆ ತಾನೆ ಗೊತ್ತಾಗೋದು? ಜನರ ಚಿತ್ರ ನಾವು ನೋಡೋ ಹಾಗಿಲ್ಲ."

"ಸರಿ, ಸದ್ದಿಲ್ಲದ ಎಲ್ಲರಿಗೂ ಪೂರ್ತಿ ಪಾಲು ಕೊಟ್ರೆ ಎಷ್ಟು ಯಂತ್ರ ಮತ್ತೆ ಹಾಕ್ಬೇಕು?"

"ಎಂಟು."

"ಈ ಊರಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟ್ ತೆಗೀತಿದ್ದಾರೆ. ಎಂಟು ಯಂತ್ರದ ಕರೆಂಟಲ್ಲಿ ಒಂದು ಬೀದಿಯ ಫ್ಯಾನೆಲ್ಲ ತಿರುಗುತ್ತೆ. ಸಭೇಲಿ ನೀವೇ ತಾನೆ ಹೇಳಿದ್ದು?"

ನಾನೇ ಹೇಳಿದ್ದೆ. ಸುಳ್ಳೂ ಆಗಿರಲಿಲ್ಲ.

"ಫೋನಲ್ಲೇ ಅವರು ಒಂದು ಗುರುತು ಹಾಕ್ಕೊಳ್ಳೋ ಹಾಗೆ ಮಾಡಿದ್ರೆ ಸರ್?"

"ಒಳ್ಳೇದು, ಬರೆದುಕೊಡಿ. ಆದರೆ ಆ್ಯಪ್ ಮುಖ್ಯ ಕಚೇರಿಯವರದು. ಮುಂದಿನ ವರ್ಷದ ಪಟ್ಟಿಗೆ ಸೇರಿಸ್ಕೊಂಡ್ರೆ ನಮ್ಮ ಪುಣ್ಯ." ಆಮೇಲೆ ಕೇಳಿದರು, "ನಿಮ್ಮ ಮನೇಲಿ ಯಾರಾದ್ರೂ...?"

"ತಂಗಿ."

"ಅಯ್ಯೋ," ಎಂದರು. ನಿಜಕ್ಕೂ ಮರುಗಿ ಅಂದರು. ಅದರಿಂದ ನಾನು ಇನ್ನಷ್ಟು ದಿಕ್ಕೆಟ್ಟೆ. ಜಗಳವಾಡಲು ಒಬ್ಬ ಮನುಷ್ಯನಾದರೂ ಬೇಕಲ್ಲ.

ಮೇಜಿಗೆ ಮರಳಿ ತಂಗಿಯ ನಂಬರನ್ನು ನೆನೆಯುತ್ತ ಕೂತೆ. ಬಂಧುಗಳ ನಂಬರನ್ನು ಮುಟ್ಟಕೂಡದು, ಮುಟ್ಟಿದರೆ ದಾಖಲಾಗುತ್ತದೆ, ಕೆಲಸ ಹೋಗುತ್ತದೆ. ಹೋದರೂ ಹೋಗಲಿ ಎಂದು ಕೈಯಿಂದ ಮೇಲೆ ತಂದೆನೆನ್ನಿ, ಹತ್ತು ಸೆಕೆಂಡಿಗೆ ನಿಯಮ ಅವಳನ್ನು ಮತ್ತೆ ಕೆಳಕ್ಕೆ ಎಳೆಯುತ್ತದೆ. ಅಷ್ಟು ಚೆನ್ನಾಗಿ ಬರೆದಿದ್ದೆ. ಅವಳಿಗೇ ಹೇಳೋಣವೆಂದರೆ, ಏನೆಂದು ಹೇಳಲಿ? ನಿನ್ನ ಬಾಯಿ ಕಟ್ಟಿದವಳು ನಾನೇ ಎಂದೇ?

"ಇಪ್ಪತ್ಮೂರು ಖಾಲಿ ಆಯ್ತಕ್ಕಾ," ಎಂದು ಟೋಪಿ ಹಳದಿ ಚೀಟಿ ಮುಂದೆ ಹಿಡಿದಳು. "ಮಿಕ್ಕವರನ್ನ ನಾನೇ ಕಳಿಸ್ದೆ. ಚೀಟಿ ನಿಮ್ಮದೇ. ಅಂಟಿಸಿ ಬನ್ನಿ."

ಯಂತ್ರದ ಕೋಣೆಯಲ್ಲಿ ಫ್ಯಾನುಗಳ ಮೊರೆತ. ಇಪ್ಪತ್ಮೂರನ್ನು ಆರಿಸಿದೆ. ಅದರ ದನಿ ಇಳಿಯುತ್ತ ಬಂದು ಅಡಗಿತು. ಚೀಟಿಯನ್ನು ಬಾಗಿಲಿಗೆ ಒತ್ತಿ ಸಹಿ ಹಾಕಿದೆ.

ಎದುರು ಸಾಲಿನಲ್ಲೇ ಐದನೆಯದು. ಅದರ ಹಸಿರು ದೀಪಗಳು ಎಡೆಬಿಡದೆ ಮಿನುಗುತ್ತಿದ್ದವು. ಫೋನ್ ಇಡಲು ಮರೆತು ಮಲಗಿದವರ ನಡುವೆ ಎಲ್ಲೋ ಕೆಲವರು ಇದೇ ಗಳಿಗೆಯಲ್ಲಿ ಕೈಯೆತ್ತಿ ಏನೋ ಹೇಳುತ್ತಿರಬೇಕು, ಆ ಕಡೆಯವರು ಇನ್ನೊಂದು ಸಲ ಹೇಳು ಎನ್ನುತ್ತಿರಬೇಕು. ಅವರು ಯಾರು, ಯಾವ ಊರಿನವರು, ನನಗೆ ತಿಳಿಯುವ ದಾರಿಯಿಲ್ಲ. ಬಾಗಿಲಿನ ಮೇಲೆ ಅಂಗೈಯಿಟ್ಟೆ. ಬೆಚ್ಚಗಿತ್ತು. ಅವರಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ಅಲ್ಲೇ ನಿಂತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಭಾನುವಾರ ಬಸ್ಸು ಹತ್ತುವುದು. ಒಂದು ಸಣ್ಣ ರೇಡಿಯೊ ಕೊಂಡೊಯ್ದು ಅತ್ತೆಯ ಕೈಗೆ ಕೊಡುವುದು. ಮಧ್ಯಾಹ್ನ ಮೂರಕ್ಕೆ ಒಳ್ಳೆಯ ಹಾಡು ಬರುತ್ತವೆ, ಸೊಸೆಯ ಪಕ್ಕದಲ್ಲೇ ಕೂತು ಕೇಳಿ ಎನ್ನುವುದು. ಕಿವಿ ಕೇಳದವಳ ಪಕ್ಕ ರೇಡಿಯೊ ಯಾಕೆ ಎಂದು ಅವರು ನಕ್ಕರೆ ನಾನೂ ನಗುವುದು.

ಹೊರಗೆ ಬಂದಾಗ ಟೋಪಿ ತಲೆಯೆತ್ತಿದಳು. "ಯಾಕಕ್ಕಾ ಇಷ್ಟು ಹೊತ್ತು? ಅಂಟು ಹಿಡೀಲಿಲ್ವಾ?"

"ಹಿಡೀತು," ಎಂದೆ, ಮತ್ತು ಇಪ್ಪತ್ತನಾಲ್ಕನೆಯದರ ಪಟ್ಟಿ ತೆರೆದೆ.