ಕೂಗಿದವನ ಚೆಂಡು

ಲಾರಿ ಟೈರು ಬಿಚ್ಚುವ ಆ ಮನುಷ್ಯನಿಗೆ ಮೈದಾನದಲ್ಲಿ ಗೋಡೆ ಎಂದು ಹೆಸರು. ಇಪ್ಪತ್ತು ವರ್ಷಗಳಿಂದ ಪ್ರತಿ ಭಾನುವಾರ ಅವನು ತನ್ನ ಫುಟ್‌ಬಾಲ್ ತಂಡದ ಗೋಲಿನ ಮುಂದೆ ನಿಂತಿದ್ದ. ಅವನನ್ನು ದಾಟಿ ಹೋಗಲು ಬಂದವರಲ್ಲಿ ಕೆಲವರು ಚಳಿ ಬಿದ್ದರೆ ಇವತ್ತಿಗೂ ಮೊಣಕಾಲು ನೀವಿಕೊಳ್ಳುತ್ತಾರೆ. ವಾರದ ಉಳಿದ ದಿನ ಅವನು ಯಾರಿಗೂ ಏನೂ ಅಲ್ಲ. ರಿಮ್ಮಿನ ಅಂಚಿಗೆ ಲೀವರ್ ಕೊಟ್ಟು, ಸುತ್ತಿಗೆಯಿಂದ ಬಡಿದು, ಲಾರಿಯವರ ಕೈಲಿ 'ಬೇಗ ಆಗ್ಲಯ್ಯಾ' ಅನ್ನಿಸಿಕೊಳ್ಳುವವನು. ಭಾನುವಾರ ಮಾತ್ರ ಅವನು ಬಾಯಿ ತೆರೆದರೆ ಹತ್ತು ಜನ ದಾರಿ ಬಿಡುತ್ತಿದ್ದರು.

ಅದು ಆ ತಂಡದ ಕಟ್ಟಳೆ. ಮೇಲಿಂದ ಚೆಂಡು ಬರುವಾಗ ಯಾರು ಮೊದಲು 'ನಂದು' ಎಂದು ಕೂಗುತ್ತಾರೋ ಚೆಂಡು ಅವರದು. ಉಳಿದವರು, ಗೋಲ್‌ಕೀಪರ್ ಕೂಡ, ನಿಂತಲ್ಲೇ ನಿಲ್ಲಬೇಕು. ಹಿಂದೊಮ್ಮೆ ಇಬ್ಬರು ಒಂದೇ ಚೆಂಡಿಗೆ ಹಾರಿ, ಒಬ್ಬನ ಮುಂದಿನ ಹಲ್ಲು ಇನ್ನೊಬ್ಬನ ಹಣೆಯಲ್ಲಿ ನಾಟಿಕೊಂಡ ಮೇಲೆ ಮಾಡಿಕೊಂಡದ್ದು. ಕೂಗಿದವನಿಗೆ ಚೆಂಡು ತಪ್ಪಿದರೂ ಯಾರೂ ಬೈಯುವಂತಿಲ್ಲ. ಆದರೆ ಅವನು ಕೂಗಿದ ಮೇಲೂ ಇನ್ನೊಬ್ಬ ಅಡ್ಡ ಬಂದರೆ ಅದು ಮುಖಕ್ಕೆ ಉಗಿದ ಹಾಗೆ.

ಆ ಭಾನುವಾರ ಮೊದಲರ್ಧದಲ್ಲಿ ಗೋಡೆಯ ಮುಖಕ್ಕೆ ಹಾಗೆ ಉಗಿದವನು ಅವನ ಹೆಂಡತಿಯ ತಮ್ಮ.

ಈ ಭಾವಮೈದುನನೇ ತಂಡದ ಗೋಲ್‌ಕೀಪರ್. ಕ್ಷೌರದ ಅಂಗಡಿ ಇಟ್ಟವನು, ಮಾತಿನ ಮಲ್ಲ. ವಾರವಿಡೀ ತಲೆ ಹಿಡಿಯುತ್ತೇನೆ, ಭಾನುವಾರ ಚೆಂಡು ಹಿಡಿಯುತ್ತೇನೆ, ಎರಡೂ ದುಂಡಗೇ ಇವೆ, ಎರಡರೊಳಗೂ ಗಾಳಿಯೇ ಇದೆ ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ. ಗೋಡೆ ಎರಡು ಸಲ 'ನಂದು' ಎಂದ. ಎರಡು ಸಲವೂ ಅವನು ಗೋಲು ಬಿಟ್ಟು ಓಡಿಬಂದು ಗೋಡೆಯ ತಲೆಯ ಮೇಲಿನಿಂದ ಚೆಂಡು ಕಿತ್ತುಕೊಂಡ. ಸಿಟ್ಟಿನಿಂದ ಹಿಂದಿರುಗಿ ನೋಡಿದ ಗೋಡೆಗೆ ಇನ್ನೂ ಒಂದು ಕಂಡಿತು. ಎಡಗಡೆ ಆಡಬೇಕಾದ ಡ್ರಾಯಿಂಗ್ ಮೇಷ್ಟ್ರು ಎಡಗಡೆ ಇರಲಿಲ್ಲ. ಅವನ ಬೆನ್ನ ಹಿಂದೆಯೇ ಕಾವಲು ನಿಂತಿದ್ದರು. ಹೀಗೆ ಎಷ್ಟು ತಿಂಗಳಿಂದ ನಿಲ್ಲುತ್ತಿದ್ದರೋ. ಅವನಿಗೆ ಒಂದು ಮಾತೂ ಹೇಳದೆ ಗೋಡೆಯ ಹಿಂದೆ ಇನ್ನೊಂದು ಗೋಡೆ ಎಬ್ಬಿಸಿದ್ದರು.

ಅವರು ಹೇಳಬೇಕಾದದ್ದು ತಾನೇ ಏನಿತ್ತು. ಬೆಳಿಗ್ಗೆ ಏಳುವಾಗ ಅವನು ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಮಂಚದಿಂದ ಕೆಳಗಿಡುತ್ತಿದ್ದ. ಮೊಣಕಾಲಿಗೆ ಬ್ಯಾಂಡೇಜು ಸುತ್ತುವುದು ಬಚ್ಚಲಿನ ಚಿಲಕ ಹಾಕಿಕೊಂಡು. ನೋವಿನ ಮಾತ್ರೆಗಳು ಅಂಗಡಿಯಲ್ಲಿ, ಹಳೆಯ ವಾಲ್ವುಗಳ ಡಬ್ಬಿಯಲ್ಲಿ. ಕಣ್ಣು ಚೆಂಡನ್ನು ಕಾಣುತ್ತಿತ್ತು, ಬಾಯಿ ಕೂಗುತ್ತಿತ್ತು, ಕಾಲು ಮಾತ್ರ ಆಮೇಲೆ ಹೊರಡುತ್ತಿತ್ತು. ಇದು ತನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದ. ಎಲ್ಲರಿಗೂ ಗೊತ್ತು ಎಂದು ತಿಳಿದ ಆ ಗಳಿಗೆಯಲ್ಲಿ ಮೈಯೆಲ್ಲ ಕೆಂಡವಾಯಿತು.

ಹಾಫ್ ಟೈಮಿನಲ್ಲಿ ಭಾವಮೈದುನ ನೀರಿನ ಟ್ಯಾಂಕಿನ ಹಿಂದೆ ಬಾಟಲಿ ಎತ್ತಿ ಕುಡಿಯುತ್ತಿದ್ದ. ಗೋಡೆ ಅವನ ಕೊರಳಪಟ್ಟಿ ಹಿಡಿದು ಟ್ಯಾಂಕಿನ ಸಿಮೆಂಟಿಗೆ ಅಪ್ಪಳಿಸಿದ.

"ನಾನು ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಭಾವ."

"ಮತ್ಯಾಕೋ ಬಂದೆ?"

ಭಾವಮೈದುನ ಅವನ ಮೊಣಕಾಲಿನ ಕಡೆ ಒಮ್ಮೆ ನೋಡಿದ. ಬೈದಿದ್ದರೆ ಗೋಡೆ ಸಹಿಸಿಕೊಳ್ಳುತ್ತಿದ್ದನೇನೋ, ಆ ನೋಟವನ್ನು ಸಹಿಸಿಕೊಳ್ಳಲಾಗಲಿಲ್ಲ. ಮತ್ತೊಮ್ಮೆ ಅಪ್ಪಳಿಸಿದ. ಈ ಸಲ ಹಿಂದಲೆ ಸಿಮೆಂಟಿಗೆ ಬಡಿದ ಸದ್ದು ಕೇಳಿಸಿತು.

"ಇನ್ನೊಂದ್ಸಲ ನಾನು ಕೂಗಿದ್ಮೇಲೆ ಗೆರೆ ಬಿಟ್ಟು ಬಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ. ನಿಮ್ಮಕ್ಕನ ಮುಖಾನೂ ನೋಡಲ್ಲ."

ಭಾವಮೈದುನ ಹಿಂದಲೆ ಮುಟ್ಟಿ ನೋಡಿ, ಬೆರಳಿಗಂಟಿದ ರಕ್ತವನ್ನು ಚಡ್ಡಿಗೆ ಒರೆಸಿಕೊಂಡ. "ಆಯ್ತು ಬಿಡಿ. ನೀವು ಕೂಗಿದ್ರೆ ನಾನು ನಿಲ್ತೀನಿ," ಎಂದ.

ಎದುರು ತಂಡ ಬೇಕರಿಯವರದು. ಅಲ್ಲಿ ಒಲೆ ನೋಡಿಕೊಳ್ಳುವ ಒಬ್ಬ ಸಣಕಲ ಅವರಿಗಾಗಿ ಮುಂದೆ ಆಡುತ್ತಿದ್ದ. ಬಿಸಿ ತಟ್ಟೆ ಎಳೆದೂ ಎಳೆದೂ ಮೊಣಕೈವರೆಗೆ ಸುಟ್ಟ ಕಲೆ. ಆಟ ಮುಗಿಯುತ್ತ ಬಂದಾಗ ಅವನ ಕಡೆಗೆ ಚೆಂಡು ಎತ್ತರದಲ್ಲಿ ಹಾರಿಬಂತು. ಗೋಡೆ 'ನಂದು' ಎಂದು ಮೈದಾನ ನಡುಗುವ ಹಾಗೆ ಕೂಗಿದ. ಮೇಷ್ಟ್ರು ಪಕ್ಕಕ್ಕೆ ಸರಿದರು. ಭಾವಮೈದುನ ಕೊಟ್ಟ ಮಾತಿನಂತೆ ಗೆರೆಯ ಮೇಲೆ ಕೈ ಇಳಿಬಿಟ್ಟು ನಿಂತ.

ಕಾಲು ಆಮೇಲೆ ಹೊರಟಿತು. ಚೆಂಡು ಗೋಡೆಯ ಕೂದಲು ಸವರಿಕೊಂಡು ಹಿಂದೆ ಬಿತ್ತು. ಸಣಕಲ ಅವನನ್ನು ದಾಟಿದ. ಇನ್ನು ನಿಂತು ಪ್ರಯೋಜನವಿಲ್ಲವೆಂದು ಕಂಡ ಭಾವಮೈದುನ ಮುಂದೆ ಹಾರಿ ಚೆಂಡಿನ ಮೇಲೆ ಬಿದ್ದ. ಅದೇ ಹೊತ್ತಿಗೆ ಗೋಡೆ ತಿರುಗಿ, ಜಾಮ್ ಆದ ರಿಮ್ಮಿಗೆ ಸುತ್ತಿಗೆ ಬೀಸುವಂತೆ ಬಲಗಾಲು ಬೀಸಿದ. ಚೆಂಡಿಗೋ, ಸಣಕಲನ ಕಾಲಿಗೋ, ಆಮೇಲೆ ಕೇಳಿದ್ದರೆ ಅವನಿಗೇ ಹೇಳಲಾಗುತ್ತಿರಲಿಲ್ಲ. ಬೂಟು ಎರಡಕ್ಕೂ ತಾಗಲಿಲ್ಲ. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಭಾವಮೈದುನನ ಬಲಗೈಯ ಬೆರಳುಗಳು ಕೈಗವಸಿನ ಸಮೇತ ಹಿಂದಕ್ಕೆ ಮಡಚಿಕೊಂಡಿದ್ದವು.

ಮೂವರೂ ಧೂಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ದೂರದಿಂದ ಯಾರೋ ಸಣಕಲ ಬೇಕೆಂದೇ ಕೈ ತುಳಿದ ಎಂದರು. ಗೋಡೆ ಎದ್ದ. ಆಗ ಬಾಯಿ ಬಿಡಬಹುದಿತ್ತು. ಅದರ ಬದಲು ಏಳುತ್ತಿದ್ದ ಸಣಕಲನ ಮುಖದ ನಡುವಿಗೇ ಮುಷ್ಟಿಯಿಂದ ಗುದ್ದಿದ. ಮೂಗು ಪಕ್ಕಕ್ಕೆ ವಾಲಿತು. ಅಷ್ಟು ಸಾಕಾಯಿತು, ತಂಡವಿಡೀ ಸಣಕಲನ ಮೇಲೆ ಬಿತ್ತು. ಮಕ್ಕಳು ಪೆನ್ಸಿಲ್ ಸೊಟ್ಟ ಹಿಡಿದರೂ ನೊಂದುಕೊಳ್ಳುವ ಮೇಷ್ಟ್ರು ಬಿದ್ದವನ ಪಕ್ಕೆಗೆ ಮತ್ತೆ ಮತ್ತೆ ಒದ್ದರು. ಬೇಕರಿಯವರು ಮೂಲೆಯ ಬಾವುಟದ ಕೋಲು ಕಿತ್ತು ಕೈಗೆ ಸಿಕ್ಕವರ ಬೆನ್ನು ಮುರಿದರು. ರೆಫರಿಯ ಸೀಟಿ ಅವನ ತುಟಿಯ ರಕ್ತದೊಂದಿಗೆ ನೆಲಕ್ಕೆ ಬಿತ್ತು.

ಗಾಯಗೊಂಡವರನ್ನೆಲ್ಲ ಒಂದೇ ಆಸ್ಪತ್ರೆಗೆ ತಂದರು. ಲಾಂಡ್ರಿ ಕೆಲಸದಿಂದ ಹಾಗೇ ಓಡಿಬಂದ ಗೋಡೆಯ ಹೆಂಡತಿ, ಯಾರು ಮಾಡಿದ್ದು ಎಂದು ತಮ್ಮನನ್ನು ಕೇಳಿದಳು. ಆ ಸಣಕಲನೇ ಅಕ್ಕ, ಎಂದ ಅವನು. ಬೆರಳುಗಳಿಗೆ ತಂತಿ ಹಾಕಬೇಕು, ಕತ್ತರಿ ಮೊದಲಿನಂತೆ ಹಿಡಿಯಲು ಬಹುಶಃ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಾಗಿಲ ಹೊರಗೆ ತಂಡದವರು ಸಂಜೆಯೇ ಬೇಕರಿಗೆ ನುಗ್ಗಿ ಒಲೆ ಒಡೆಯುವ ಮಾತಾಡುತ್ತಿದ್ದರು. ಗೋಡೆ ಮುಂದೆ ನಿಲ್ಲಲಿ ಎಂದು ಎಲ್ಲರದೂ ಒಂದೇ ಮಾತು. ಅವನಿಗೆ ಅಷ್ಟು ಮರ್ಯಾದೆ ಸಿಕ್ಕಿ ಬಹಳ ಕಾಲವಾಗಿತ್ತು.

ಹೆಂಡತಿ ಔಷಧಿ ತರಲು ಹೋದಾಗ ಅವನು ಮಂಚದ ಹತ್ತಿರ ಬಗ್ಗಿದ.

"ಯಾರ ಕಾಲು ಅಂತ ಗೊತ್ತೇನೋ ನಿಂಗೆ?"

"ಇಷ್ಟು ಹತ್ತಿರದಿಂದ ಗೊತ್ತಾಗಲ್ವಾ ಭಾವ."

"ಮತ್ಯಾಕೆ ಅವನ ಹೆಸರು ಹೇಳ್ದೆ?"

"ನಿಮ್ಮ ಹೆಸರು ಹೇಳಿದ್ರೆ ಆಡೋದು ಬಿಡಿಸ್ತಾರೆ. ಆಮೇಲೆ ನಿಮಗೇನಿದೆ?"

"ನಾನು ತಲುಪಲ್ಲ ಅಂತ ಕಂಡಿತ್ತಲ್ಲ. ಯಾಕೋ ಸುಮ್ನೆ ನಿಂತೆ?"

"ನೀವು ಕೂಗಿದ್ರಲ್ಲ," ಎಂದ ಭಾವಮೈದುನ.

ಗೋಡೆ ಎದ್ದು ಹೊರಗೆ ಬಂದ. ಕಾರಿಡಾರಿನ ಆ ಬದಿಯ ಬೆಂಚಿನ ಮೇಲೆ ಸಣಕಲ ಕೂತಿದ್ದ. ಮೂಗಿಗೆ ಹತ್ತಿ ತುರುಕಿದ್ದರು. ಸೀಳಿದ ಹುಬ್ಬಿಗೆ ನರ್ಸ್ ಹೊಲಿಗೆ ಹಾಕುತ್ತಿದ್ದಳು. ಈ ಬದಿಯಲ್ಲಿ ತಂಡದವರು ಗೋಡೆಗಾಗಿ ಕಾದಿದ್ದರು. ಔಷಧಿಯನ್ನೂ ಚೀಟಿಯನ್ನೂ ಹಿಡಿದು ಹೆಂಡತಿಯೂ ಹಿಂದಿರುಗಿದ್ದಳು.

"ಎಲ್ಲಿಗೂ ಹೋಗೋದು ಬೇಡ," ಎಂದ ಗೋಡೆ. "ಅವನ ಕೈ ಮುರಿದಿದ್ದು ನನ್ನ ಕಾಲು. ಈ ಸಣಕಲ ಅದನ್ನ ಮುಟ್ಟೇ ಇಲ್ಲ."

ತಲೆಗೆ ಪೆಟ್ಟು ಬಿದ್ದಿದೆ, ಏನೇನೋ ಹೇಳುತ್ತಿದ್ದಾನೆ ಎಂದು ಮೇಷ್ಟ್ರು ಸಮಾಧಾನ ಹೇಳಲು ನೋಡಿದರು.

"ತಲೆ ಸರಿಯಾಗೇ ಇದೆ ಮೇಷ್ಟ್ರೇ, ಹೋಗಿರೋದು ಕಾಲು. ನಿಮಗೂ ಗೊತ್ತಿತ್ತು, ಅದಕ್ಕೇ ನನ್ನ ಹಿಂದೆ ನಿಲ್ತಿದ್ರಿ. ಮುಂದಿನ ವಾರದಿಂದ ನನ್ನ ಜಾಗದಲ್ಲೇ ನಿಂತ್ಕೊಳ್ಳಿ. ನಾನು ಬರಲ್ಲ."

ಹೆಂಡತಿಯ ಕೈಯಲ್ಲಿದ್ದ ಚೀಟಿ ಮುದುಡಿ ಉಂಡೆಯಾಯಿತು. ಆಗ ಸಣಕಲ ಬೆಂಚಿನಿಂದ ಎದ್ದ. ನರ್ಸ್ ತೋಳು ಹಿಡಿದಳು, ಕೊಡವಿಕೊಂಡ. ಅರ್ಧ ಹಾಕಿದ ಹೊಲಿಗೆಯ ದಾರ ಹುಬ್ಬಿನಿಂದ ಜೋತಾಡುತ್ತಿತ್ತು. ನೇರ ಬಂದವನೇ ಗೋಡೆಯ ಬಾಯಿಗೆ ಹೊಡೆದ. ಹಲ್ಲು ತುಟಿಯನ್ನು ಸೀಳಿ, ಗದ್ದದ ಮೇಲೆ ರಕ್ತ ಇಳಿಯಿತು.

ಮೇಷ್ಟ್ರೂ ಉಳಿದವರೂ ಸಣಕಲನ ಮೇಲೆ ಬೀಳಲು ನುಗ್ಗಿದರು. ಗೋಡೆ ಅಂಗೈ ಎತ್ತಿದ.

"ನಂದು," ಎಂದ.

ಜೋರಾಗಿ ಹೇಳಲಿಲ್ಲ, ಹೇಳುವ ಬಾಯಿಯೂ ಉಳಿದಿರಲಿಲ್ಲ. ಆದರೂ ಇಷ್ಟು ವರ್ಷದ ರೂಢಿ, ಎಲ್ಲರೂ ನಿಂತಲ್ಲೇ ನಿಂತರು. ಸಣಕಲ ಮತ್ತೆ ಮುಷ್ಟಿ ಎತ್ತಿದ. ಸುಟ್ಟ ಕಲೆಯ ಆ ಕೈ ಭುಜದ ಹಿಂದಕ್ಕೆ ಹೋಗಿ, ಅಲ್ಲಿಂದ ಹೊರಡುವುದು ಗೋಡೆಗೆ ಸ್ಪಷ್ಟವಾಗಿ ಕಂಡಿತು. ಪಕ್ಕಕ್ಕೆ ಸರಿಯಲು ಆ ಕಾಲಿಗೂ ಬೇಕಾದಷ್ಟು ಸಮಯವಿತ್ತು. ಅವನು ಸರಿಯಲಿಲ್ಲ.