ಸಿದ್ಧಾರೂಢರ ಕೈತಪ್ಪಿದ ಬಿಲ್ಲು

ಸಿದ್ಧಾರೂಢರು ಕೂತ ಟೇಬಲ್ಲಿನಲ್ಲಿ ಬೇರೆಯವರು ಬಿಲ್ಲು ಕೊಟ್ಟ ಉದಾಹರಣೆ ಪಾಲೋ ಆಲ್ಟೋದಿಂದ ಸ್ಯಾನ್ ಹೋಸೆವರೆಗೆ ಎಲ್ಲೂ ಇರಲಿಲ್ಲ. ಉಳಿದವರು ಪರ್ಸಿಗೆ ಕೈ ಹಾಕುವ ಹೊತ್ತಿಗೆ "ಆಗೇತಿ, ಏಳ್ರಿ" ಅನ್ನುತ್ತಿದ್ದರು. ಗುಟ್ಟು ಇಷ್ಟೇ: ಇಡ್ಲಿ ಬರುವ ಮೊದಲೇ ಕೈ ತೊಳೆದು ಬರುತ್ತೇನೆಂದು ಎದ್ದು ಹೋಗಿ, ಕೌಂಟರಿನಲ್ಲಿ ಕಾರ್ಡು ಉಜ್ಜಿಸಿ ಬರುವುದು. ಆಮೇಲೆ ಊಟ ಮುಗಿಯುವತನಕ ಅವರ ಮುಖದಲ್ಲೊಂದು ಕಳೆ. ಮದುವೆಮನೆಯಲ್ಲಿ ಹೆಣ್ಣಿನ ಸೋದರಮಾವನ ಮುಖದಲ್ಲಿ ಇರುತ್ತದಲ್ಲ, ಅಂಥದ್ದು.

ಮೂರು ವರ್ಷದ ಹಿಂದೆ ತಮ್ಮ ಕಂಪನಿ ಮಾರಿ ಬಂದ ದುಡ್ಡಿನಲ್ಲಿ ಅವರು ಇಂಗ್ಲೆಂಡಿನ ಥಾರ್ನ್‌ವಿಕ್ ಟೌನ್ ಎಂಬ ಫುಟ್‌ಬಾಲ್ ಕ್ಲಬ್ಬನ್ನು ಸ್ಟೇಡಿಯಮ್ಮಿನ ಸಮೇತ ಕೊಂಡುಬಿಟ್ಟರು. ಮೂರನೇ ದರ್ಜೆಯ ಲೀಗು. ಟಿಕೆಟ್ಟು, ಜೆರ್ಸಿ, ಟೀವಿ ಎಲ್ಲ ಸೇರಿ ನೂರು ಪೌಂಡು ಬಂದರೆ ಆಟಗಾರರ ಸಂಬಳಕ್ಕೇ ನೂರಮೂವತ್ತು ಹೋಗುತ್ತಿತ್ತು. ಮಿಕ್ಕ ಮೂವತ್ತು?

"ನಾ ಅದೀನಲ್ಲ," ಅನ್ನುತ್ತಿದ್ದರು ಸಿದ್ಧಾರೂಢರು.

ಮಗಳು ಸ್ನೇಹಲ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಬಯೋಟೆಕ್ ಕಂಪನಿಯ ಲೆಕ್ಕಪತ್ರ ನೋಡುವವಳು. ಅವಳಿಗೆ ಇದು ಸರಿಬರುತ್ತಿರಲಿಲ್ಲ. "ಅಪ್ಪಾ, ಪಕ್ಕದೂರಿನ ಕ್ಲಬ್ ನೋಡಿ. ಓನರ್‌ಗೆ ಬೋರ್ ಆಯ್ತು, ಸ್ಟೇಡಿಯಂ ಮಾರ್ದ. ಈಗ ಅಲ್ಲಿ ಸೋಫಾ ಅಂಗಡಿ!"

"ನಾ ಅಂಥಾಂವ ಏನವಾ?"

"ನೀವಲ್ಲ. ಆದ್ರೆ ನಿಮ್ಮ ನಂತ್ರ ಬರೋವ್ನು?"

ಇಂಥ ಮಾತಿಗೆ ಸಿದ್ಧಾರೂಢರ ಕಿವಿ ಮಂದ.

ಹೀಗಿರುವಾಗ ಥಾರ್ನ್‌ವಿಕ್ ಅಭಿಮಾನಿಗಳ ಸಂಘದ ಅಧ್ಯಕ್ಷೆ ಡೋರೀನ್ ಬರ್ಕ್ಲಿಯಲ್ಲಿ ಓದುವ ಮೊಮ್ಮಗಳನ್ನು ನೋಡಲು ಬಂದರು. ಬಸ್ ಓಡಿಸಿ ನಿವೃತ್ತರಾದ ಎಪ್ಪತ್ತರ ಹೆಂಗಸು. ಸಿದ್ಧಾರೂಢರು ಅವರನ್ನು ಸನಿವೇಲಿನ ಹೋಟೆಲಿಗೆ ದೋಸೆಗೆ ಕರೆದರು. ಆದರೆ ಫ್ರೀವೇಯಲ್ಲಿ ಟ್ರಾಫಿಕ್ಕು. ಅಪ್ಪ ಮಗಳು ಬಂದಾಗ ಕಾಲುಗಂಟೆ ತಡ. ಡೋರೀನ್ ಆಗಲೇ ಎಲ್ಲರಿಗೂ ದೋಸೆ ಹೇಳಿ ಕೂತಿದ್ದರು. ಇವರಿಗೆ ಕೈ ತೊಳೆಯಲೂ ಬಿಡದೆ ಕೈಚೀಲದಿಂದ ಒಂದು ಕಾಗದ, ಒಂದು ಪೆನ್ನು, ಒಂದು ಚೆಕ್ಕು ತೆಗೆದು ಸಾಂಬಾರಿನ ಬಟ್ಟಲ ಪಕ್ಕ ಇಟ್ಟರು.

"ಮಿಸ್ಟರ್ ಸಿಡ್, ನಾವು ಸಾವಿರಾರು ಜನ ತಿಂಗಳು ತಿಂಗಳು ಕೂಡಿಸಿದ್ದು. ಸ್ಟೇಡಿಯಮ್ಮನ್ನ ನಮಗೆ ಮಾರಿ. ಇದು ಮೊದಲ ಕಂತು, ಹತ್ತು ವರ್ಷದಲ್ಲಿ ಎಲ್ಲ ತೀರಿಸುತ್ತೇವೆ. ಇನ್ನೊಂದು ಷರತ್ತು, ಕ್ಲಬ್ಬಿಗೆ ಬರುವ ದುಡ್ಡಿನೊಳಗೇ ಆಟಗಾರರ ಸಂಬಳ."

ಸಿದ್ಧಾರೂಢರಿಗೆ ಕೆನ್ನೆಗೆ ಹೊಡೆದಂತಾಯಿತು. ಇಂಗ್ಲಿಷಿನಲ್ಲಿ ಮಾತಾಡಿದರೂ ಅವರ ದನಿ ಅಚ್ಚ ಹುಬ್ಬಳ್ಳಿಯದು. "ನಾ ಏನು ಕಡಿಮಿ ಮಾಡೇನ್ರಿ ನಿಮಗ?"

"ಏನೂ ಇಲ್ಲ. ನೀವು ಒಳ್ಳೆಯವರು, ಅದೇ ನಮ್ಮ ತೊಂದರೆ. ನೀವಿದ್ದೀರಿ ಅಂತ ಯಾರೂ ಲೆಕ್ಕವನ್ನೇ ಮಾಡುತ್ತಿಲ್ಲ."

"ಹಂಗಾರ ಪುಕ್ಕಟೆ ತಗೋರಿ! ಈಗಿಂದೀಗ ಬರಕೊಡತೀನಿ!"

"ಪುಕ್ಕಟೆ ತಗೊಂಡರೆ ನಮ್ಮೂರಿನ ಒಂದೊಂದು ಇಟ್ಟಿಗೆಯೂ ದಿನಾ ನಿಮಗೆ ಥ್ಯಾಂಕ್ಸ್ ಹೇಳುತ್ತ ನಿಂತಿರಬೇಕಾಗುತ್ತೆ. ಬೇಡ."

ಸ್ನೇಹಲ್ ನಗು ತಡೆಯಲು ದೋಸೆಯ ದೊಡ್ಡ ತುಂಡನ್ನೇ ಬಾಯಿಗಿಟ್ಟುಕೊಂಡಳು. ಸಿದ್ಧಾರೂಢರು ಪೆನ್ನು ಮುಟ್ಟಲಿಲ್ಲ. ತಾವು ದುಡ್ಡು ಕೊಡದಿದ್ದರೆ ಆ ಊರಿಗೆ ತಾವು ಯಾರು? ಆಗ ಫಕ್ಕನೆ ನೆನಪಾಯಿತು: ಗಡಿಬಿಡಿಯಲ್ಲಿ ಇವತ್ತು ಕಾರ್ಡೇ ಕೊಟ್ಟಿಲ್ಲ!

"ಬಂದೆ," ಎಂದು ಕೌಂಟರಿಗೆ ಧಾವಿಸಿದರು. ಅಲ್ಲಿದ್ದ ವಿಕಾಸ್ ತಲೆ ಕೆರೆದುಕೊಂಡ.

"ಆಗೋಗಿದೆ ಸಾರ್."

"ಏನಾಗೇತಿ?"

"ಬಿಲ್ಲು. ಆ ಅಜ್ಜಿ ಅರ್ಧ ಗಂಟೆ ಮುಂಚೇನೇ ಬಂದು ಕಾರ್ಡ್ ಕೊಟ್ಬಿಟ್ರು. ನೀವು ಬಂದು ಗಲಾಟೆ ಮಾಡ್ತೀರಾ, ತಗೋಬೇಡ ಅಂತಾನೂ ಹೇಳಿದಾರೆ."

"ಎಂಟು ವರ್ಷದ ಗಿರಾಕಿ ನಾನು! ವಾಪಸ್ ಮಾಡೋ ಅದನ್ನ!"

"ಮಾಡಿದ್ರೆ ಬೈತಾರೆ ಸಾರ್. ನಿಮಗಿಂತ ಜೋರಿದಾರೆ."

ಸಿದ್ಧಾರೂಢರು ಕಾರ್ಡು ಹಿಡಿದುಕೊಂಡೇ ತಿರುಗಿದರು. ದೂರದ ಟೇಬಲ್ಲಿನಲ್ಲಿ ಡೋರೀನ್ ಚಟ್ನಿ ಮೆದ್ದುಕೊಂಡು ಕೂತಿದ್ದರು, ಮುಖದಲ್ಲೊಂದು ಕಳೆ. ಆ ಕಳೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷದಿಂದ ಅದನ್ನು ಒಬ್ಬರಿಗೂ ಬಿಟ್ಟುಕೊಟ್ಟಿರಲಿಲ್ಲ. ಪಾಪ, ಆ ಊರಿನವರು ಮೂರು ವರ್ಷದಿಂದ ಪರ್ಸಿಗೆ ಕೈ ಹಾಕುತ್ತಲೇ ಇದ್ದಾರೆ, ತಾವು "ಆಗೇತಿ, ಏಳ್ರಿ" ಅನ್ನುವುದೂ ನಿಂತಿಲ್ಲ.

ಬಂದು ಕೂತರು. ಕಾಗದ ಎರಡು ಸಲ ಓದಿ ರುಜು ಹಾಕಿದರು. ಚೆಕ್ಕು ಮಡಚಿ ಯಾವ ಕಿಸೆಗಿಡಬೇಕೆಂದು ಎರಡೂ ಕಿಸೆ ತಡಕಿದರು, ಇಸಕೊಂಡು ಅಭ್ಯಾಸವಿಲ್ಲ.

"ಟಿಪ್ಸಾದರೂ ನಾ ಇಡತೀನಿ," ಅಂದರು ಮೆಲ್ಲಗೆ.

"ಅದೂ ಆಗಿದೆ," ಅಂದರು ಡೋರೀನ್.

ಸಿದ್ಧಾರೂಢರು ಮಗಳ ಕಡೆ ನೋಡಿದರು. ಅವಳು ಸೂರು ನೋಡುತ್ತಿದ್ದಳು. ಅವರು ಕುರ್ಚಿಗೆ ಒರಗಿ, ಕಾರ್ಡನ್ನು ಪರ್ಸಿಗೆ ಸೇರಿಸಿ, ಜನ್ಮದಲ್ಲಿ ಮೊದಲ ಸಲ ಹೋಟೆಲಿನಲ್ಲಿ ಕೂತು ಕೇಳಿದರು:

"ಹಂಗಾರ ಇನ್ನೊಂದು ಕಾಫಿ ಹೇಳ್ರಿ. ನಿಮ್ಮ ಖರ್ಚಿನ್ಯಾಗ."