ಉತ್ತರದ ಗೋಡೆಯ ಪಾಯ

ಊರಿನವರು ಮಾವನನ್ನು ಕರೆಯುತ್ತಿದ್ದದ್ದು ರಸಮಟ್ಟ ಮೇಸ್ತ್ರಿ ಎಂದು. ಗಾಜಿನೊಳಗೆ ಗುಳ್ಳೆ ಓಡಾಡುವ ಆ ರಸಮಟ್ಟದ ಹೆಸರು ಅವರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ನಲವತ್ತು ವರ್ಷ ಮನೆ ಕಟ್ಟಿದ ಮನುಷ್ಯ. ಊಟಕ್ಕೆ ಕೂತರೂ ಮೇಜು ವಾಲಿದೆಯೇ ಎಂದು ಬಗ್ಗಿ ನೋಡಿಯೇ ತಟ್ಟೆಗೆ ಕೈ ಹಾಕುವವರು. ತಾವು ಕಟ್ಟಿದ ಯಾವ ಮನೆಯವರೂ ರಿಪೇರಿಗೆಂದು ವಾಪಸ್ ಕರೆದಿಲ್ಲ ಎನ್ನುವುದು ಅವರ ಜೀವಮಾನದ ಹೆಮ್ಮೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಈ ಮಾತನ್ನು ಕೊಟ್ಟುಬಿಡುತ್ತಿದ್ದರು.

ಸೊಸೆಯ ಕಸುಬು ಇದಕ್ಕೆ ಸರಿ ಉಲ್ಟಾ. ಬೇರೆಯವರು ಕಟ್ಟಿ ಕೈತೊಳೆದುಕೊಂಡ ಮನೆಗಳ ಪಾಯ ಅಗೆದು, ತೇವ ಏರದಂತೆ ಡಾಂಬರಿನ ಲೇಪ ಬಳಿದು ಮುಚ್ಚುವುದು ಅವಳ ಕೆಲಸ. ಮೂವರು ಆಳುಗಳ ಸಣ್ಣ ತಂಡ. ಉಗುರಿನ ಸಂದಿಯ ಕಪ್ಪು ಮದುವೆಯ ದಿನವೂ ಬಿಟ್ಟಿರಲಿಲ್ಲವಾದ್ದರಿಂದ ಎಲ್ಲರಿಗೂ ಅವಳು ಡಾಂಬರಕ್ಕ. ಹಾಗೆ ಕರೆದರೆ ಅವಳಿಗೇನೂ ಬೇಸರವಿಲ್ಲ.

ಬೇಸರವಿದ್ದದ್ದು ಬೇರೆಯದಕ್ಕೆ. ಊರಿನ ಗೋಡೆಗಳನ್ನೆಲ್ಲ ಒಣಗಿಸಿದವಳು ಇದ್ದ, ಮಾವನೇ ಕಟ್ಟಿದ ಮನೆಯ ಉತ್ತರದ ಗೋಡೆಯೇ ಮೊಣಕಾಲೆತ್ತರಕ್ಕೆ ನೀರು ಹೀರಿ, ಉಪ್ಪು ಕಾರಿ, ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು. ಪ್ರತಿ ವರ್ಷ ಮಾವ ಅದನ್ನು ಕೆರೆದು, ಗಿಲಾವು ಮಾಡಿ, ಬಣ್ಣ ಹೊಡೆದು ಕೈ ಕೊಡವಿಕೊಳ್ಳುತ್ತಿದ್ದರು. ಆರು ತಿಂಗಳಿಗೆ ಮತ್ತೆ ಅದೇ ಕಥೆ.

"ನಿಮ್ಮ ಗೋಡೆ ದಿನಾ ಬೆಳಗ್ಗೆ ಒಂದು ಮೊರ ಹಿಟ್ಟು ಬೀಸಿ ಕೊಡುತ್ತೆ," ಎಂದು ಅತ್ತೆ ಪೊರಕೆ ಹಿಡಿದು ಗೊಣಗುವರು. ಅವರ ಮಂಚ ಇದ್ದದ್ದು ಆ ಗೋಡೆಗೇ. ಒಂದು ದಿನ ತೇವಕ್ಕೆ ಕೊಳೆತ ಮಂಚದ ಕಾಲು ಮುರಿದು, ಅತ್ತೆ ಹಾಸಿಗೆ ಸಮೇತ ನೆಲಕ್ಕೆ ಬಂದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಸೊಸೆ ಅವತ್ತೇ ಮಾತು ಎತ್ತಿದಳು.

"ಮಾವ, ಆ ಕಡೆ ಪಾಯಕ್ಕೆ ಲೇಪ ಇಲ್ಲ ಅನ್ಸುತ್ತೆ. ಅಗೆದು ನೋಡ್ಬೇಕು."

"ನಾಲ್ಕೂ ಕಡೆ ಡಾಂಬರು ಹೊಡ್ಸಿದೀನಿ. ಸುಮ್ನೆ ಅಗೆದ್ರೆ ಗೋಡೆ ಕೂತ್ಕೊಳ್ಳುತ್ತೆ, ಅಷ್ಟೇ."

"ಉದ್ದಕ್ಕೂ ಒಂದೇ ಸಲ ಅಗೆದ್ರೆ ಕೂತ್ಕೊಳ್ಳುತ್ತೆ. ನಾನು ನಾಲ್ಕಡಿ ಅಗೆದು ನಾಲ್ಕಡಿ ಬಿಡ್ತೀನಿ. ಅಗೆದಿದ್ದನ್ನ ಮುಚ್ಚಿ, ಮಣ್ಣು ಗಟ್ಟಿಯಾದ್ಮೇಲೇ ಬಿಟ್ಟಿದ್ದಕ್ಕೆ ಕೈ ಹಾಕೋದು."

ಮಾವ ಗಡ್ಡ ಕೆರೆದುಕೊಂಡರು. ಲೆಕ್ಕ ಸರಿಯಾಗಿತ್ತು, ಅದೇ ಅವರಿಗೆ ಕಷ್ಟವಾದದ್ದು. "ಕಿಟಕಿ ಕಟ್ಟೆ ಮೇಲೆ ರಸಮಟ್ಟ ಇಟ್ಟಿರ್ತೀನಿ. ಗುಳ್ಳೆ ಕೂದಲೆಳೆಯಷ್ಟು ಸರಿದ್ರೂ ಗುದ್ದಲಿ ಕೆಳಗಿಡ್ಬೇಕು. ಆಮೇಲೆ ಈ ಮನೇಲಿ ನಿನ್ನ ಕೆಲಸದ ಮಾತು ಬರ್ಬಾರ್ದು."

"ಆಗ್ಲಿ ಮಾವ," ಎಂದಳು. ಹೇಳಿದ್ದು ಸಲೀಸಾಗಿ. ಆದರೆ ಹತ್ತು ವರ್ಷದ ಕಸುಬಿನಲ್ಲಿ ಅವಳು ಯಾವ ಗೋಡೆಗೂ ಇಷ್ಟು ಹೆದರಿರಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿದ. ಬುದ್ಧಿವಂತನಾದ್ದರಿಂದ ಗುದ್ದಲಿ ತರಲು ಎದ್ದು ಹೋದ.

ಮಾವನದೊಂದು ಪದ್ಧತಿಯಿತ್ತು. ಪಾಯದ ಒಂದೊಂದು ಕಡೆಯ ಡಾಂಬರು ಮುಗಿದಾಗಲೂ ಕೊನೆಯ ಮೂಲೆಯಲ್ಲಿ, ಲೇಪ ಆರುವ ಮೊದಲು, ಹೆಬ್ಬೆರಳು ಒತ್ತುತ್ತಿದ್ದರು. ಆ ಗುರುತು ಬೀಳದೆ ಒಂದು ಪುಟ್ಟಿ ಮಣ್ಣೂ ಬೀಳುವಂತಿರಲಿಲ್ಲ.

ಮೊದಲ ಗುಂಡಿ ಮೂಲೆಯಲ್ಲೇ ಬಿತ್ತು. ಎದೆಮಟ್ಟ ಅಗೆದು ಕಲ್ಲು ತೊಳೆದರೆ, ಪಶ್ಚಿಮದ ಕಡೆಯಿಂದ ಬಂದ ಡಾಂಬರು ಮೂಲೆ ತಿರುಗಿ ಒಂದು ಗೇಣು ಬಂದು ನಿಂತಿತ್ತು. ಅಲ್ಲಿ, ಅಚ್ಚಳಿಯದೆ, ಮಾವನ ಹೆಬ್ಬೆರಳು. ಅದರಾಚೆ ಉತ್ತರದ ಉದ್ದಕ್ಕೂ ಬರೀ ಕಲ್ಲು.

ಎಪ್ಪತ್ತರ ಮಾವ ಯಾರ ಕೈಯನ್ನೂ ಹಿಡಿಯದೆ ಗುಂಡಿಗೆ ಇಳಿದರು. ಹಳೆಯ ಗುರುತಿನ ಮೇಲೆ ಬೆರಳಿಟ್ಟು, ಬರಿಗಲ್ಲನ್ನು ಸವರಿದರು. ಆಳುಗಳು ಬೇರೆಲ್ಲೋ ನೋಡುವ ನಾಟಕವಾಡಿದರು. ಸೊಸೆ ಗುಂಡಿಯ ಅಂಚಿಗೆ ಬಂದು ಕೂತಳು.

"ಆಗಿನ ಆಳುಗಳು ಬಿಟ್ಟಿರ್ಬೇಕು ಮಾವ."

"ಆಳುಗಳದೇನಿದೆ? ಮೂರು ಕಡೆ ಮುಗ್ದಿತ್ತು. ನಿನ್ನ ಗಂಡ ಹುಟ್ಟಿದ ಸುದ್ದಿ ಬಂತು, ಕರಣೆ ಬಿಸಾಕಿ ಆಸ್ಪತ್ರೆಗೆ ಓಡ್ದೆ. ಮೂರು ದಿನ ಬಿಟ್ಟು ಬಂದ್ರೆ ಮಣ್ಣು ಮುಚ್ಚಿತ್ತು. ಮಾಡಿರ್ತಾರೆ ಅಂದ್ಕೊಂಡೆ. ಬೆರಳು ಒತ್ತಿಲ್ಲ ಅನ್ನೋದು ಖುಷೀಲಿ ನೆನಪೇ ಬರ್ಲಿಲ್ಲ."

"ಅಂದ್ರೆ ಇಷ್ಟಕ್ಕೂ ಕಾರಣ ಇವ್ರು," ಎಂದಳು ಸೊಸೆ ಪಕ್ಕದಲ್ಲಿ ನಿಂತಿದ್ದ ಗಂಡನನ್ನು ತೋರಿಸಿ. ಆಳುಗಳು ನಕ್ಕರು. ಮಾವ ನಗಲಿಲ್ಲ. ಮೇಲೆ ಹತ್ತಿ, ಯಾರನ್ನೂ ನೋಡದೆ ಒಳಗೆ ಹೋದರು. ಅವತ್ತು ಮೇಜು ವಾಲಿದೆಯೇ ಎಂದು ನೋಡದೆಯೇ ಊಟ ಮಾಡಿ ಎದ್ದರು. ಕೆಲಸ ಇಲ್ಲಿಗೇ ನಿಂತಿತು ಎಂದುಕೊಂಡಳು ಸೊಸೆ.

ಬೆಳಿಗ್ಗೆ ನೋಡಿದರೆ ಕಿಟಕಿ ಕಟ್ಟೆಯ ಮೇಲೆ ರಸಮಟ್ಟ ಕೂತಿತ್ತು. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಶುರು ಮಾಡಿ, ಬಿಸಿಲು ಏರ್ತಾ ಇದೆ," ಎಂದರು.

ಮೂರು ವಾರ ಹಿಡಿಯಿತು. ತಂತಿ ಬ್ರಷ್ಷಿನಲ್ಲಿ ಕಲ್ಲು ಉಜ್ಜಿದರು, ಸಂದಿಗಳಿಗೆ ಗಾರೆ ತುಂಬಿದರು, ನಯವಾಗಿ ಗಿಲಾವು ಮಾಡಿ ಒಣಗಲು ಬಿಟ್ಟರು. ಅದರ ಮೇಲೆ ಎರಡು ಸಲ ಡಾಂಬರು, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ನೀರು ಹರಿದುಹೋಗಲು ತಳದಲ್ಲಿ ತೂತಿನ ಪೈಪು, ಸುತ್ತ ಜಲ್ಲಿ, ಕೊನೆಗೆ ಮಣ್ಣು. ಒಂಬತ್ತನೆಯ ದಿನ ಮಾವ "ನಿಲ್ಲಿ" ಎಂದರು. ಗುಳ್ಳೆ ಸರಿದಿತ್ತು. ಸೊಸೆ ಗುದ್ದಲಿ ಕೆಳಗಿಟ್ಟು ಮೇಲೆ ಬಂದಳು. ಅವಳು ರಸಮಟ್ಟ ಎತ್ತಿ ನೋಡಿದರೆ ಅಡಿಯಲ್ಲಿ ಸುಣ್ಣದ ಒಂದು ಚೂರು. ಅತ್ತೆ ಕಟ್ಟೆ ಒರೆಸಿ, ಉಳಿದ ಚೂರನ್ನು ಗಮನಿಸದೆ ರಸಮಟ್ಟವನ್ನು ಅದರ ಮೇಲೇ ಇಟ್ಟಿದ್ದರು. ಚೂರು ತೆಗೆದಾಗ ಗುಳ್ಳೆ ನಡುವಿಗೆ ಬಂತು. ಮಾವನ ಉಸಿರೂ ಬಂತು. ಅದನ್ನು ಅವಳು ಗಮನಿಸಿದಳು.

ಕೊನೆಯ ಗುಂಡಿಯ ಲೇಪ ಇನ್ನೂ ಹಸಿಯಿರುವಾಗಲೇ ಮಾವ ಮತ್ತೆ ಇಳಿದರು. ಅಂಗುಲ ಅಂಗುಲವಾಗಿ ನೋಡಿದರು. ಒಂದು ಸೂಜಿಮೊನೆಯಷ್ಟು ತೂತಾದರೂ ಸಿಗಲಿ ಎಂಬಂತೆ ಹುಡುಕಿದರು. ಸಿಗಲಿಲ್ಲ.

"ಬೆರಳು ಒತ್ತಿ ಮಾವ. ಮೂವತ್ತೆರಡು ವರ್ಷದ ಬಾಕಿ."

"ಕೆಲಸ ಯಾರದು?"

"ನಂದು."

"ಮತ್ತೆ ನನ್ನ ಬೆರಳು ಯಾಕೆ?"

ಅವಳು ತನ್ನ ಹೆಬ್ಬೆರಳು ಒತ್ತಿದಳು. ಕಣ್ಣು ಮಂಜಾಯಿತು, ಡಾಂಬರಿನ ವಾಸನೆಗೆ ಎಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವಳಿಗೆ ತನ್ನ ಬಗ್ಗೆ ಹೆಮ್ಮೆಯಾಗಿತ್ತು. ಹಾಳೆ ಹೊದಿಸಿ, ಜಲ್ಲಿ ಸುರಿದು, ಮಣ್ಣು ಎಳೆದರು. ಇನ್ನು ಆ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಳೆಗಾಲ ಬಂದು ಹೋಯಿತು. ಗೋಡೆ ಹಿಟ್ಟು ಬೀಸುವುದನ್ನು ನಿಲ್ಲಿಸಿತು. ಅತ್ತೆಗೆ ಹೊಸ ಮಂಚ ಬಂತು, ಅದೇ ಗೋಡೆಗೆ.

ಒಂದು ಮಧ್ಯಾಹ್ನ ಮನೆ ಕಟ್ಟಿಸುವ ಯೋಚನೆಯಲ್ಲಿದ್ದ ದರ್ಜಿ ಸಲಹೆ ಕೇಳಲು ಬಂದ. ಯಾರೂ ರಿಪೇರಿಗೆ ಕರೆದಿಲ್ಲ ಎಂಬ ಹಳೆಯ ಮಾತನ್ನು ಮಾವ ತೆಗೆಯುತ್ತಾರೆಂದು ಅಡುಗೆಮನೆಯಲ್ಲಿದ್ದ ಸೊಸೆ ಕಾದಳು.

"ನೋಡಿ, ಈ ಮನೆ ಉತ್ತರದ ಪಾಯಕ್ಕೆ ನಾನು ಡಾಂಬರೇ ಹೊಡ್ಸಿರ್ಲಿಲ್ಲ," ಎಂದರು ಮಾವ. "ಮೂವತ್ತೆರಡು ವರ್ಷ ನನಗೇ ಗೊತ್ತಿರ್ಲಿಲ್ಲ."

ದರ್ಜಿಗೆ ಮುಜುಗರವಾಯಿತು. "ಬಿಡಿ ಮೇಸ್ತ್ರಿ, ನೀವು ತಪ್ಪು ಮಾಡೋದುಂಟಾ?"

ಮಾವನಿಗೆ ಸಿಟ್ಟೇ ಬಂತು. "ಮಾಡಿದೀನಿ ಅಂತ ಹೇಳ್ತಾ ಇದೀನಲ್ಲ. ಅದನ್ನ ಒಪ್ಕೊಳ್ದೆ ನನ್ನ ಸೊಸೆ ಕೆಲಸ ನಿಮಗೆ ಹೇಗೆ ತೋರ್ಸ್ಲಿ? ಏಳಿ, ಮೊದ್ಲು ಗೋಡೆ ಮುಟ್ಟಿ ನೋಡಿ."

ದರ್ಜಿ ಎದ್ದು ಹೋಗಿ ಮುಟ್ಟಿದ. ಅವನಿಗೆ ನೀರು ಸಿಕ್ಕಿದ್ದು ಆಮೇಲೆ.